ಒಂದು ನೂಲಿನ ಕೊಸರು

ಬೆಳಗಿನ ಆರು ಗಂಟೆ. ಸೇಲಂನಿಂದ ಹರೂರಿಗೆ ಹೋಗುವ ರಸ್ತೆಯಲ್ಲಿ, ಅಯೋಧ್ಯಾಪಟ್ಟಣಂ ದಾಟಿದ ಮೇಲೆ ಸಿಗುವ ತಗಡಿನ ಶೆಡ್ಡಿನ ಬೀಗ ಈಗಷ್ಟೇ ತೆಗೆದಿದೆ. ಹೊಲಿಗೆ ಮಷೀನುಗಳೆಲ್ಲ ಇನ್ನೂ ಮುಸುಕು ಹೊದ್ದು ಕೂತಿವೆ. ಒಂದು ಫ್ಯಾನೂ ತಿರುಗುತ್ತಿಲ್ಲ. ಪೂರ್ವದ ಕಿಟಕಿಯ ಪಕ್ಕದ ಎತ್ತರದ ಮೇಜಿನ ಮುಂದೆ ಐವತ್ತೊಂದು ವರ್ಷದ ಅಂಕಮ್ಮ ಚಪ್ಪಲಿ ಕಳಚಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಒರೆಸಿಕೊಳ್ಳುತ್ತಾರೆ.

ಮೇಜಿನ ಮೇಲೆ ಹಸಿರು ಬಣ್ಣದ ಕಟಿಂಗ್ ಮ್ಯಾಟು ಹಾಸಿದೆ. ಅದರ ತುಂಬ ಇಂಚಿನ ಚೌಕಗಳು. ಬಟ್ಟೆಯನ್ನು ನಾಲ್ಕು ಪದರ ಮಾಡಿ ಅದರ ಮೇಲಿಟ್ಟು, ಅಂಗೈಯಲ್ಲಿ ಸವರಿ ಸುಕ್ಕು ಬಿಡಿಸಿ, ಆರಪಾರ ಕಾಣುವ ಎರಡಡಿ ಉದ್ದದ ಸ್ಕೇಲನ್ನು ಅಂಕಮ್ಮ ಇಳಿಸುತ್ತಾರೆ. ಸ್ಕೇಲಿನ ಮೂರೂವರೆ ಇಂಚಿನ ಗೆರೆ ಬಟ್ಟೆಯ ಅಂಚಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಡಗೈ ಬೆರಳುಗಳು ಸ್ಕೇಲನ್ನು ಒತ್ತಿ ಹಿಡಿಯುತ್ತವೆ. ಬಲಗೈಯಲ್ಲಿ ಪುಟ್ಟ ಚಕ್ರದ ಬ್ಲೇಡು. ಮೈಯಿಂದ ಆಚೆಗೆ ಒಂದೇ ಉಸಿರಿನಲ್ಲಿ ಉರುಳಿಸಿದರೆ ಸರ್ರೆಂದು ಸದ್ದಾಗಿ, ನಾಲ್ಕು ಪದರವೂ ಒಟ್ಟಿಗೆ ಬೇರೆಯಾಗುತ್ತವೆ.

“ಫ್ಯಾನ್ ಆಕಿದ್ರೆ ಮೇಲ್ ಪದರ ಅಲ್ಲಾಡ್ತೈತೆ. ಟ್ಯೂಬ್‌ಲೈಟಲ್ಲಿ ಗೆರೆ ಎರಡೆರಡಾಗಿ ಕಾಣ್ತೈತೆ. ಅದಕ್ಕೇ ವೆಳ್ಳೆನೆ ಬರಾದು. ಎಂಟು ಗಂಟೆ ಒಳಗೆ ಅರ್ಧ ವೇಲೆ ಮುಗ್ಸಿಬುಡ್ತೀನಿ” ಎನ್ನುತ್ತಾರೆ. ಬೆಳಗ್ಗೆ ಬೇಗ ಎನ್ನಲು ‘ವೆಳ್ಳೆನೆ’, ಕೆಲಸಕ್ಕೆ ‘ವೇಲೆ’, ಅವರ ಬಾಯಲ್ಲಿ ತಮಿಳೇ ಬರುತ್ತದೆ. ಸೇಲಂ ಕಡೆಯ ನಮ್ಮ ಕನ್ನಡದವರ ಮಾತೇ ಹಾಗೆ, ಒಂದು ವಾಕ್ಯ ಎರಡು ಮನೆಯಲ್ಲಿ ಉಂಡು ಬರುತ್ತದೆ.

ಇಲ್ಲಿ ತಯಾರಾಗುವುದು ಕ್ವಿಲ್ಟು. ನಾವು ಕೌದಿ ಅನ್ನುತ್ತೇವಲ್ಲ, ಅದರ ಹಡಗು ಹತ್ತುವ ತಂಗಿ. ಹಳೆ ಸೀರೆ, ಪಂಚೆಯ ಬದಲು ಹೊಸ ಬಟ್ಟೆಯನ್ನೇ ಚೌಕ ಚೌಕವಾಗಿ ಕತ್ತರಿಸಿ, ಮತ್ತೆ ಜೋಡಿಸಿ ಹೊಲಿದು, ನಡುವೆ ಹತ್ತಿಯ ಹಾಸು ತುಂಬಿ, ಚಳಿದೇಶದವರ ಮಂಚಕ್ಕೆ ಕಳಿಸುತ್ತಾರೆ. ಇಡೀ ಬಟ್ಟೆಯನ್ನು ತುಂಡು ಮಾಡಿ ಮತ್ತೆ ಇಡಿ ಮಾಡುವ ಈ ಉಸಾಬರಿ ಯಾಕೆ ಎಂದು ಅಂಕಮ್ಮನಿಗೂ ಮೊದಮೊದಲು ಅನ್ನಿಸಿತ್ತಂತೆ. ಈಗ ಕೇಳುವುದಿಲ್ಲ. ದಿನಕ್ಕೆ ಎರಡು ಸಾವಿರದ ಎಂಟುನೂರರಿಂದ ಮೂರು ಸಾವಿರ ತುಂಡು ಅವರ ಕೈಯಿಂದ ಇಳಿಯುತ್ತವೆ. ಮೂರು ದಿನಕ್ಕೊಮ್ಮೆ ಬ್ಲೇಡು ಬದಲು. ಮ್ಯಾಟಿನ ಮೇಲೆ ಹಳೆಯ ಗೀರುಗಳಲ್ಲಿ ಬ್ಲೇಡು ಜಾರದಂತೆ ವಾರಕ್ಕೊಮ್ಮೆ ಅದನ್ನು ತಿರುಗಿಸಿಡಬೇಕು. ಸೇಲಂನ ಬಿಸಿಲಿಗೆ ಇಟ್ಟರಂತೂ ಅದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಹಾಗಾಗಿ ಕಿಟಕಿಯ ಬಿಸಿಲು ಮೇಜಿಗೆ ಬೀಳುವ ಹೊತ್ತಿಗೆ ಪರದೆ ಎಳೆಯಬೇಕು.

ಎಡಗೈ ತೋರುಬೆರಳಿನ ತುದಿಯಲ್ಲಿ ಉಗುರು ಅರ್ಧವೇ ಇದೆ. ಸ್ಕೇಲಿನಿಂದ ಆಚೆಗೆ ಬೆರಳು ಚಾಚಿದ ಒಂದು ದಿನದ ಗುರುತು ಅದು. ನಿಂತು ನಿಂತು ಮಂಡಿ ಊದುತ್ತದೆ. ಬರೆಯಲು ಬಂದ ಪತ್ರಿಕೆಯವರು ಅದನ್ನು ಕೇಳಿದರೆ, “ಅದೆಲ್ಲಾ ಬರೀಬ್ಯಾಡಿ, ನಿಂತ್ಕಂಡು ವೇಲೆ ಮಾಡೋರು ಎಲ್ಲಾರ್ಗೂ ಮಂಡಿ ಊದ್ತೈತೆ” ಎಂದು ಬಾಯಿ ಮುಚ್ಚಿಸುತ್ತಾರೆ.

ಅವರು ಹುಟ್ಟಿದ್ದು ಸೇಲಂ ಗುಗೈಯ ನೇಕಾರರ ಓಣಿಯಲ್ಲಿ. ಅಪ್ಪ ಹನುಮಂತರಾಯಪ್ಪ ಎಂಟು ಮೊಳದ ವೇಷ್ಟಿ, ಅಂದರೆ ಪಂಚೆ, ನೇಯುತ್ತಿದ್ದರು. ಮಗಳು ಮಗ್ಗದ ಗುಂಡಿಯ ಪಕ್ಕ ಕೂತು ನೂಲು ಸುತ್ತುತ್ತ ಬೆಳೆದಳು. ಕೈ ಹಿಡಿದ ರಘುನಾಥರೂ ಮಗ್ಗದವರೇ. ಹತ್ತು ವರ್ಷದ ಹಿಂದೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಲೆ ಅವರು ಪವರ್‌ಲೂಮಿಗೆ ಹೋದರು, ಅಂಕಮ್ಮ ಈ ಶೆಡ್ಡಿಗೆ ಬಂದರು. ಮೊದಲು ಉಳಿದ ದಾರ ಕತ್ತರಿಸುವ ಕೆಲಸ. ಒಂದು ದಿನ ಕಟಿಂಗಿನವರು ಬಾರದೆ ಮೇಜು ಖಾಲಿ ಇದ್ದಾಗ ಸೂಪರ್‌ವೈಸರ್ ಇಳಂಗೋ ಇವರ ಕೈಗೆ ಸ್ಕೇಲು ಕೊಟ್ಟು ನೋಡಿದರು. ಆಮೇಲೆ ಆ ಮೇಜು ಅಂಕಮ್ಮನದೇ ಆಯಿತು. ಹೆಸರಿನಲ್ಲೇ ಅಂಕ ಇಟ್ಟುಕೊಂಡವರಿಗೆ ಇಂಚು, ಅರೆ, ಕಾಲು ಯಾವ ಲೆಕ್ಕ!

ಎಂಟು ಗಂಟೆಗೆ ಇಳಂಗೋ ಬರುತ್ತಾರೆ. ಮೂವತ್ತೈದರ ಚುರುಕು ಮನುಷ್ಯ, ಕತ್ತಿನಲ್ಲಿ ಇಂಚುಪಟ್ಟಿ. ಪತ್ರಿಕೆಯವರು ಅಂಕಮ್ಮನ ಬಗ್ಗೆ ಬರೆಯಲು ಬೆಂಗಳೂರಿನಿಂದ ಬಂದಿದ್ದಾರೆಂದು ತಿಳಿದು ಅವರಿಗೆ ತುಂಬ ಖುಷಿ. “ಅಕ್ಕಾ ಕೈಯಿ ಅಳವು ಕೈಯಿ, ಮೇಡಂ. ನಾಲು ವರುಷಮಾ ಒರು ಪೀಸು ತಪ್ಪಾ ಪೋನದಿಲ್ಲೆ” ಎಂದು ತಮಿಳಿನಲ್ಲಿ ಹೊಗಳುತ್ತಾರೆ. ಅಕ್ಕನ ಕೈ ಅಂದರೆ ಅಳತೆಯ ಕೈ, ನಾಲ್ಕು ವರ್ಷದಲ್ಲಿ ಒಂದೇ ಒಂದು ತುಂಡೂ ತಪ್ಪಿ ಹೋಗಿಲ್ಲ ಎಂದು ಅದರ ಅರ್ಥ. ಪತ್ರಿಕೆಯವರು ಅದನ್ನು ಹಾಗೇ ಬರೆದುಕೊಳ್ಳುತ್ತಾರೆ. ಅವರಿಗೂ ಬೇಕಾಗಿದ್ದು ಅಷ್ಟೇ ತಾನೆ. ಬೆಳಗಿನ ಬೆಳಕು, ಬಡವರ ಮನೆಯ ಹೆಂಗಸು, ತಪ್ಪೇ ಮಾಡದ ಕೈ. ಭಾನುವಾರದ ಪುಟಕ್ಕೆ ಇದಕ್ಕಿಂತ ಏನು ಬೇಕು?

ಅಂಕಮ್ಮನ ಬ್ಲೇಡು ಬಟ್ಟೆಯ ನಡುವೆ ನಿಲ್ಲುತ್ತದೆ.

ಕಟಿಂಗ್ ಮಾಡುವವರು ಹಾಗೆ ನಡುವೆ ನಿಲ್ಲಿಸುವುದಿಲ್ಲ. ನಿಂತಲ್ಲಿ ಬಟ್ಟೆ ಜಗ್ಗಿ, ಗೆರೆ ಹಲ್ಲು ಹಲ್ಲಾಗುತ್ತದೆ. ನಾಲ್ಕು ಪದರವೂ ಹಾಳು. ಅಂಕಮ್ಮ ಅದನ್ನು ಮಡಚಿ ಪಕ್ಕಕ್ಕಿಟ್ಟು, ಬ್ಲೇಡಿನ ಮುಚ್ಚಳ ಹಾಕಿ, ಇಳಂಗೋ ಆಚೆ ಹೋಗುವವರೆಗೆ ಮ್ಯಾಟಿನ ಮೇಲಿನ ದಾರದ ಚೂರುಗಳನ್ನು ಆರಿಸುತ್ತ ನಿಲ್ಲುತ್ತಾರೆ. ಮುಖ ಕೆಂಪಾಗಿದೆ. ಹೊಗಳಿಕೆಗೆ ನಾಚಿಕೊಂಡರೆಂದು ಪತ್ರಿಕೆಯವರು ಅದನ್ನೂ ಬರೆದುಕೊಳ್ಳುತ್ತಾರೆ.

“ಬರ್ದಿದ್ದನ್ನ ಒಡೆದಾಕಿ ಅಮ್ಮಾ. ತಪ್ಪೇ ಓಗಿಲ್ಲ ಅಂದ್ರಲ್ಲ, ಅದನ್ನ. ಮಧ್ಯಾಹ್ನ ಏಳ್ತೀನಿ” ಎನ್ನುತ್ತಾರೆ ಅಂಕಮ್ಮ.

ಮಧ್ಯಾಹ್ನ ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ, ಒಂದು ತುತ್ತೂ ತಿನ್ನುವುದಿಲ್ಲ. ಅವರು ಹೇಳಿದ್ದು ಕಳೆದ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ ಹೊತ್ತಿನ ಒಂದು ಆರ್ಡರಿನ ಕತೆ. ಎಂಟು ತಿಂಗಳಾಯಿತು. ಗಂಡನಿಗೂ ಹೇಳಿಲ್ಲವಂತೆ.

ಅಲ್ಲಿಯವರೆಗೆ ಶೆಡ್ಡಿಗೆ ಬರುತ್ತಿದ್ದದ್ದು ಮಿಲ್ಲಿನ ಬಟ್ಟೆ. ಆ ಸಲ ಮಾತ್ರ ಕೈಮಗ್ಗದ ಬಟ್ಟೆಯೇ ಬೇಕೆಂದು ಹೊರದೇಶದವರು ಕೇಳಿದ್ದರು. ಗಂಟು ಬಿಚ್ಚಿದರೆ ನೀಲಿ ಚೌಕುಳಿಯ ಬಟ್ಟೆ, ಗುಗೈಯದೇ. ಬಟ್ಟೆಯ ಗಟ್ಟಿ ಅಂಚು ಮುಟ್ಟಿದ ಕೂಡಲೇ ಇದು ನಮ್ಮ ಓಣಿಯದು ಎಂದು ಅಂಕಮ್ಮನಿಗೆ ತಿಳಿಯಿತು. ಎಷ್ಟೋ ವರ್ಷದ ಮೇಲೆ ತವರಿನವರು ಎದುರು ಸಿಕ್ಕಷ್ಟು ಹಿಗ್ಗಿದರು.

“ನಮ್ಮಪ್ಪ ವೇಷ್ಟಿ ಕತ್ತರಿಸ್ವಾಗ ಎಂಟು ಮೊಳ ಅಂದ್ರೆ ಎಂಟೇ ಮೊಳಕ್ಕೆ ಕತ್ತರಿ ಇಡ್ತಿರ್ಲಿಲ್ಲ. ಅದರ ಮೇಲೆ ನಾಕು ಬೆರಳು ಕೊಸರು ಬುಡ್ತಿದ್ರು. ಮಗ್ಗದ ಬಟ್ಟೆ ಕಮ್ಮಿ ಆದ್ರೆ ನೇಯ್ದೋನ ಮರ್ವಾದೆ ಓಯ್ತು ಅಂತಿದ್ರು. ನನ್ ಕೈಗೆ ಅದೇ ನ್ಯಾಪ್ಕ ಬಂದ್ಬುಡ್ತು. ನಾನು ಬೇಕಂತ ಮಾಡ್ಲಿಲ್ಲ ಅಮ್ಮಾ, ಕೈ ಮಾಡ್ಬುಡ್ತು.”

ಕೈ ಮಾಡಿದ್ದೇನು? ಸ್ಕೇಲಿನ ಗೆರೆಗೂ ಒಂದು ದಪ್ಪವಿದೆ. ಬಟ್ಟೆಯ ಅಂಚು ಆ ಗೆರೆಯ ಅಡಿಯಲ್ಲಿ ಅಡಗಬೇಕು, ಅದು ಇಲ್ಲಿಯ ಕಟ್ಟುನಿಟ್ಟು. ಅಂಕಮ್ಮ ಆ ಸಲ ಅಂಚನ್ನು ಗೆರೆಯಿಂದ ಒಂದೇ ಒಂದು ನೂಲು ಆಚೆ ಇಟ್ಟರು. ಮಗ್ಗದ ಬಟ್ಟೆ ಹೇಗೂ ಅಂಚಿನಲ್ಲಿ ಎಳೆ ಬಿಡುತ್ತದೆ, ಒಂದು ನೂಲು ಹೆಚ್ಚಿದ್ದರೆ ಒಳ್ಳೆಯದೇ ಎಂದುಕೊಂಡರು. ಮೂರೂವರೆ ಇಂಚಿನ ಪ್ರತಿ ತುಂಡಿಗೂ ಒಂದು ನೂಲಿನ ಕೊಸರು. ನೇಕಾರರಿಗಲ್ಲದೆ ಇನ್ಯಾರಿಗೂ ಬರದ ಬುದ್ಧಿ ಇದು. ಬೇರೆಯವರು ಬಟ್ಟೆ ಉಳಿಸಲು ಹೋಗಿ ತಪ್ಪುತ್ತಾರೆ, ಇವರು ಕೊಡಲು ಹೋಗಿ ತಪ್ಪಿದರು.

ಆ ತುಂಡುಗಳನ್ನು ಜೋಡಿಸಿ ಹೊಲಿಯುತ್ತಿದ್ದದ್ದು ರೋಜಾ. ಪಾಪಿರೆಡ್ಡಿಪಟ್ಟಿಯ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆತನ, ಮೂವತ್ತರ ಆಸುಪಾಸು. ಮಂಜವಾಡಿ ಘಾಟಿ ಇಳಿದು ದಿನಾ ಒಂದೂಕಾಲು ಗಂಟೆ ಬಸ್ಸಿನಲ್ಲಿ ಬರುತ್ತಿದ್ದಳು. ಇಡೀ ಶೆಡ್ಡಿನಲ್ಲಿ ಕನ್ನಡ ಆಡುವವರು ಇವರಿಬ್ಬರೇ. ಒಟ್ಟಿಗೆ ಉಣ್ಣುವುದು, ಮಾತಾಡಿ ನಗುವುದು. ರೋಜಾ ರಾಗಿಮುದ್ದೆ ತಂದ ದಿನ ಅಂಕಮ್ಮನಿಗೆ ಹಬ್ಬ. ಮೂರನೆಯ ದಿನವೋ ನಾಲ್ಕನೆಯ ದಿನವೋ ರೋಜಾ ಒಂದು ಹಿಡಿ ತುಂಡು ಹಿಡಿದುಕೊಂಡು ಮೇಜಿಗೆ ಬಂದಳು. “ಅಕ್ಕಾ, ತುಂಡು ಒಂಚೂರು ದೊಡ್ಡದು ಬಂದಂಗೈತೆ. ನೋಡು” ಎಂದಳು.

ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಕಮ್ಮ ನೋಡಲಿಲ್ಲ. ಆಗ ಆಡಿದ ಮಾತನ್ನು ಈಗ ಬೇವಿನ ಮರದ ಕೆಳಗೆ ತಲೆ ತಗ್ಗಿಸಿ, ನೆಲ ಗೀಚುತ್ತ ಹೇಳುತ್ತಾರೆ. “ಏನ್ಲೇ, ಕುರಿ ಕಾಯೋರ ಮನೆಯವಳು ನೀನು, ನೇಕಾರ್ರ ಮನೆಯವಳಿಗೆ ಅಳತೆ ಏಳ್ಕೊಡಕ್ಕೆ ಬಂದ್ಯಾ ಅಂದ್ಬುಟ್ಟೆ. ಅವಳು ತುಂಡು ಎತ್ಕಂಡು ಓದ್ಳು.”

ಆ ಕ್ವಿಲ್ಟಿನ ವಿನ್ಯಾಸ ಹೀಗಿತ್ತು. ಇಪ್ಪತ್ತನಾಲ್ಕು ಚೌಕಗಳ ಒಂದು ಸಾಲು, ಅದರ ಕೆಳಗೆ ತುಂಡಿಲ್ಲದ ಒಂದು ಉದ್ದ ಪಟ್ಟಿ, ಮತ್ತೆ ಚೌಕಗಳ ಸಾಲು. ಉದ್ದ ಪಟ್ಟಿಯನ್ನು ಮಷೀನೇ ಕತ್ತರಿಸುತ್ತದೆ, ಅದಕ್ಕೆ ತವರೂ ಇಲ್ಲ, ಕೊಸರೂ ಗೊತ್ತಿಲ್ಲ. ಚೌಕಗಳ ಸಾಲು ಮಾತ್ರ ಉದ್ದವಾಗಿ, ಎರಡನ್ನೂ ಸೇರಿಸಿ ಹೊಲಿದಾಗ ಇಡೀ ಕ್ವಿಲ್ಟು ಅಲೆ ಅಲೆಯಾಗಿ ಎದ್ದಿತು. ಮಂಚದ ಮೇಲೆ ಹಾಸಿದರೆ ಸಮನಾಗಿ ಮಲಗದು. ನಲವತ್ತು ಕ್ವಿಲ್ಟು ತಪಾಸಣೆಯಲ್ಲೇ ನಿಂತುಬಿಟ್ಟವು.

ತುಂಡು ದೊಡ್ಡದಾದರೂ ಸಾಲು ಉದ್ದವಾಗುತ್ತದೆ, ಹೊಲಿಗೆಗೆ ಬಿಡುವ ಕಾಲಿಂಚು ಕಮ್ಮಿ ಬಿಟ್ಟರೂ ಉದ್ದವಾಗುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯದು. ಒಳಗಿನ ಹೊಲಿಗೆ ನೋಡೋಣವೆಂದರೆ ಅಡಿಬಟ್ಟೆ ಹಾಕಿ ಮುಚ್ಚಿಯಾಗಿತ್ತು. ಇಳಂಗೋ ಹೆಚ್ಚು ಯೋಚಿಸಲಿಲ್ಲ. ಕಟಿಂಗ್‌ನಲ್ಲಿ ಅಂಕಮ್ಮಕ್ಕ ಇದ್ದಾರೆ, ಅಲ್ಲಿ ತಪ್ಪಾಗದು, ಹಾಗಾದರೆ ಹೊಲಿಗೆಯದೇ ತಪ್ಪು ಎಂದರು. ಎಲ್ಲರ ಮುಂದೆ ರೋಜಾಳನ್ನು ನಿಲ್ಲಿಸಿ ಕೇಳಿದರು. ರೋಜಾ ತಿರುಗಿ ಕಟಿಂಗ್ ಮೇಜಿನ ಕಡೆ ನೋಡಿದಳು.

“ನಾನು ಮ್ಯಾಟ್ ನೋಡ್ತಾ ನಿಂತ್ಕಂಡೆ” ಎನ್ನುತ್ತಾರೆ ಅಂಕಮ್ಮ.

ಆ ಹೊತ್ತಿಗೆ ಅವರಿಗೆ ಅನುಮಾನವಷ್ಟೇ. ಖಾತ್ರಿಯಾದದ್ದು ಅರ್ಧ ಗಂಟೆಯ ಮೇಲೆ. ಹೊಲಿಯದೆ ಉಳಿದ ತುಂಡುಗಳನ್ನು ತೆಗೆದು, ಸ್ಕೇಲಿಟ್ಟು, ಉಗುರಿನಲ್ಲಿ ನೂಲು ಎಣಿಸಿದರು. ಇಂಚಿಗೆ ನಲವತ್ತೆಂಟು ನೂಲಿನ ಬಟ್ಟೆ. ಸಾಲಿಗೆ ಇಪ್ಪತ್ತನಾಲ್ಕು ತುಂಡು, ತುಂಡಿಗೊಂದು ನೂಲು. ಲೆಕ್ಕ ಅರ್ಧ ಇಂಚಿಗೆ ಸರಿಯಾಗಿ ಬಂತು. ಕ್ವಿಲ್ಟು ಕೆಟ್ಟಿದ್ದೂ ಅಷ್ಟೇ ಅರ್ಧ ಇಂಚಿಗೆ.

ಇಷ್ಟಕ್ಕೇ ನಿಂತಿದ್ದರೆ ಮರೆವು, ಹೆದರಿಕೆ ಎಂದು ಏನೋ ಒಂದು ಹೆಸರು ಕೊಡಬಹುದಿತ್ತು. ಅಂಕಮ್ಮ ಆ ತುಂಡುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಚಿಂದಿಯ ಚೀಲಕ್ಕೆ ಸುರಿದರು. ಮೇಲೆ ಒಂದು ಬೊಗಸೆ ಬೇರೆ ಚಿಂದಿ ಹಾಕಿ ಮುಚ್ಚಿದರು. ಮರಳಿ ಬರುವಷ್ಟರಲ್ಲಿ ರೋಜಾಳನ್ನು ಕೆಲಸದಿಂದ ತೆಗೆದು ಕಳಿಸಿಯಾಗಿತ್ತು, ಅವಳ ಮಷೀನಿನ ಮೇಲೆ ಮುಸುಕು ಬಿದ್ದಿತ್ತು. ಮಾರನೆಯ ದಿನದಿಂದ ಆ ಜಾಗದಲ್ಲಿ ಕಲೈವಾಣಿ ಎಂಬ ಹುಡುಗಿ ಕೂತಳು.

ಅಳತೆ ಕೆಡಿಸಿದವಳು ಎಂಬ ಮಾತು ಬಸ್ಸಿಗಿಂತ ಬೇಗ ಊರು ಸೇರುತ್ತದೆ. ಆ ರಸ್ತೆಯಲ್ಲಿರುವ ಇನ್ನೆರಡು ಹೊಲಿಗೆ ಶೆಡ್ಡುಗಳಲ್ಲಿ ರೋಜಾ ಕೇಳಿದಳು, ಎರಡರಲ್ಲೂ ಬೇಡ ಎಂದರು. ಹಾಗಂತ ಅಂಕಮ್ಮನ ಕಿವಿಗೂ ಬಿತ್ತು. ಅವರು ಮಾಡಿದ್ದು ಇಷ್ಟೇ, ಬೆಳಿಗ್ಗೆ ಏಳಕ್ಕೆ ಬರುತ್ತಿದ್ದವರು ಆರಕ್ಕೇ ಬರತೊಡಗಿದರು. “ಫ್ಯಾನು, ಲೈಟು ಅಂತ ಬೆಳಿಗ್ಗೆ ಏಳಿದ್ನಲ್ಲ, ಅದು ನಿಜಾನೇ. ಆದ್ರೆ ಅದಕ್ಕೇ ಅಲ್ಲ ಅಮ್ಮಾ. ಅವಳ ಮಷೀನು ತಿರುಗೋದ್ರೊಳಗೆ ಅರ್ಧ ವೇಲೆ ಮುಗಿದ್ರೆ ಅಷ್ಟೊತ್ತು ಆ ಕಡೆ ನೋಡೋದು ತಪ್ತೈತೆ. ನಾಚ್ಕೆ. ಉಣ್ಣಕ್ಕೆ ಕುಂತ್ರೆ ನಾಚ್ಕೆ, ಇಳಂಗೋ ಅಕ್ಕಾ ಅಂದ್ರೆ ನಾಚ್ಕೆ.” ಬುತ್ತಿಯ ಮುಚ್ಚಳ ಹಾಕಿ, “ಇದನ್ನ ನಿಮ್ಮ ಪೇಪರ್‌ನಲ್ಲಿ ಬರೀರಿ. ಅಂಕಮ್ಮ ತಪ್ಪು ಮಾಡಿದ್ಳು, ರೋಜಾ ಮಾಡ್ಲಿಲ್ಲ ಅಂತ ಬರೀರಿ. ಅವಳಿಗೆ ತೋರಿಸ್ತೀನಿ” ಎನ್ನುತ್ತಾರೆ.

ಭಾನುವಾರ ಅಂಕಮ್ಮ ಪಾಪಿರೆಡ್ಡಿಪಟ್ಟಿಯ ಬಸ್ಸು ಹತ್ತುತ್ತಾರೆ. ಪತ್ರಿಕೆಯವರೂ ಜೊತೆಗಿದ್ದಾರೆ. ಅಂಕಮ್ಮನ ಮಡಿಲಲ್ಲಿ ಮಲ್ಲಿಗೆ ಹೂವು, ಬಾಳೆಹಣ್ಣಿನ ಚೀಲ. ಬರಿಗೈಯಲ್ಲಿ ಹೋಗಬಾರದೆಂದು ತಂದದ್ದು, ತಂದದ್ದಕ್ಕೂ ಈಗ ಮುಜುಗರ. ಯಾವುದೋ ಶುಭಕಾರ್ಯಕ್ಕೆ ಹೊರಟ ಹಾಗೆ ಕಾಣುತ್ತದಲ್ಲ ಎಂದು ಹೂವನ್ನು ಚೀಲದೊಳಗೆ ತುರುಕುತ್ತಾರೆ.

ಊರು ಸೇರಿ ಕೇಳಿಕೊಂಡು ಹೋದರೆ, ರೋಜಾ ಅಂಗಳದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಳೆ. ಕಾಯಿ ಕುಟ್ಟಿ, ಸಿಪ್ಪೆ ತೆಗೆದು, ಬೀಜ ಬಿಡಿಸುವ ಕೆಲಸ. ಬೆರಳುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿವೆ. ಕ್ವಿಲ್ಟಿನ ಬಿಳಿ ಬಟ್ಟೆ ಮುಟ್ಟಲು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದವಳು. “ಬಾ ಅಕ್ಕಾ” ಎಂದು ಎದ್ದು, ಮೊಣಕಾಲಿನಿಂದಲೇ ಚಾಪೆ ಸರಿಸಿ, ನೀರು ತರಲು ಒಳಗೆ ಹೋಗುತ್ತಾಳೆ. ಆ ಮರ್ಯಾದೆಯೇ ಅಂಕಮ್ಮನನ್ನು ಅರ್ಧ ಸಾಯಿಸುತ್ತದೆ.

ನೀರು ಕುಡಿಯುವ ಮೊದಲೇ ಹೇಳಿಬಿಡುತ್ತಾರೆ. ಮಗ್ಗದ ಬಟ್ಟೆ, ಒಂದು ನೂಲು, ಚಿಂದಿಯ ಚೀಲ, ಎಲ್ಲ ಒಟ್ಟಿಗೆ. ರೋಜಾ ಹುಣಸೆಯ ಬೀಜವೊಂದನ್ನು ಬೆರಳಲ್ಲಿ ತಿರುಗಿಸುತ್ತ ಕೇಳುತ್ತಾಳೆ.

“ಗೊತ್ತಿತ್ತು ಅಕ್ಕಾ” ಎನ್ನುತ್ತಾಳೆ. “ನನ್ ಒಲಿಗೆ ನಂಗೆ ಗೊತ್ತಿಲ್ವಾ? ನೀನು ಸೆರಗು ಮುಚ್ಕಂಡು ಹಿತ್ತಿಲ ಕಡೆ ಓದಾಗ ನೋಡ್ದೆ. ಇಗೋ ಈಗ ತಿರುಗಿ ಬಂದು ಏಳ್ತಾಳೆ ಅಂದ್ಕಂಡೆ. ಬಸ್‌ಸ್ಟಾಪಲ್ಲಿ ಎರಡು ಬಸ್ ಬುಟ್ಟೆ. ಮೂರನೇದು ಹತ್ತಿದೆ.”

ಅಂಕಮ್ಮ ಸುಮ್ಮನಿರಲಾರದೆ, ಬೆನ್ನ ಹಿಂದೆ ನಿಂತ ಪತ್ರಿಕೆಯವರ ಕಡೆ ಕೈ ತೋರಿಸಿ, “ಎಲ್ಲಾ ಪೇಪರಲ್ಲಿ ಬರ್ತೈತೆ ರೋಜಾ. ತಪ್ಪು ನಂದು ಅಂತ ಬರೀತಾರೆ. ನಿನ್ ಎಸ್ರು ಸರಿ ಓಗ್ತೈತೆ” ಎನ್ನುತ್ತಾರೆ.

“ಯಾವ ಪೇಪರು?”

“ಕನ್ನಡ ಪೇಪರು. ಬೆಂಗ್ಳೂರಿಂದು.”

ರೋಜಾ ನಗುತ್ತಾಳೆ. ವ್ಯಂಗ್ಯದ ನಗುವಲ್ಲ, ನಿಜವಾಗಿಯೇ ನಗು ಬಂದಿದೆ. “ಇಲ್ಲಿ ಕನ್ನಡ ಓದಕ್ಕೆ ಯಾರಿಗೆ ಬರ್ತೈತೆ ಅಕ್ಕಾ? ನಂಗೆ ಬರಲ್ಲ, ನಿಂಗೆ ಬರಲ್ಲ. ಇಳಂಗೋಗೆ ಬರ್ತೈತಾ? ಆ ಶೆಡ್ಡೋರಿಗೆ ಬರ್ತೈತಾ? ಅವತ್ತು ಕುರಿ ಕಾಯೋಳು ಅಂತ ಕನ್ನಡದಲ್ಲೇ ಬೈದೆ, ಯಾರಿಗೂ ತಿಳೀಲಿಲ್ಲ. ಈಗ ತಪ್ಪೂ ಕನ್ನಡದಲ್ಲೇ ಒಪ್ಕತೀಯ, ಯಾರಿಗೂ ತಿಳಿಯಲ್ಲ. ಒಳ್ಳೇದಾಯ್ತು, ಬುಡು.”

ಪತ್ರಿಕೆಯವರು ಬರೆಯುತ್ತಿದ್ದ ಪೆನ್ನು ನಿಲ್ಲಿಸುತ್ತಾರೆ. ಸತ್ಯ ಬರೆದು ಪುಣ್ಯ ಕಟ್ಟಿಕೊಳ್ಳುವ ಅವರ ಉತ್ಸಾಹಕ್ಕೂ ಅಲ್ಲಿಗೆ ತಣ್ಣೀರು ಬಿದ್ದಂತಾಯಿತು. ಅಂಕಮ್ಮ ಬಾಳೆಹಣ್ಣಿನ ಚೀಲ ಇಟ್ಟು ಎದ್ದುಬರುತ್ತಾರೆ. ಬಸ್ಸಿನಲ್ಲಿ ಕೂತ ಮೇಲೆ ತಮ್ಮಷ್ಟಕ್ಕೇ ಒಮ್ಮೆ, “ಅವಳು ಏಳಿದ್ದು ಸರಿ. ನಂಗೆ ಒಳಗೊಳಗೆ ಅದೇ ಬೇಕಿತ್ತೇನೋ, ಏಳಿದಂಗೂ ಆಗ್ಬೇಕು, ಯಾರ್ಗೂ ಕೇಳಿಸ್ಲೂಬಾರ್ದು” ಎನ್ನುತ್ತಾರೆ.

ಸೋಮವಾರ ಹನ್ನೊಂದು ಗಂಟೆ. ಟೀ ಹೊತ್ತು. ಮಷೀನುಗಳು ನಿಂತು, ಇಪ್ಪತ್ತೆರಡು ಹೆಂಗಸರು ಲೋಟ ಹಿಡಿದು ಅಲ್ಲಲ್ಲಿ ಕೂತಿದ್ದಾರೆ. ಅಂಕಮ್ಮ ಟೀ ತೆಗೆದುಕೊಳ್ಳದೆ ಮೇಜಿನ ಪಕ್ಕದಲ್ಲೇ ನಿಂತಿದ್ದಾರೆ. ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ, ತಮಿಳಿನಲ್ಲಿ. “ಆಡಿ ಮಾಸ ಆರ್ಡರ್‌ಲ ತಪ್ಪು ರೋಜಾವೋಡದಿಲ್ಲೆ. ಎನ್ನೋಡದು.” ಆಡಿಯ ಆರ್ಡರಿನಲ್ಲಿ ತಪ್ಪಿದ್ದು ರೋಜಾ ಅಲ್ಲ, ನಾನು.

ಇಳಂಗೋ ಗಾಬರಿಯಾಗಿ ಬಂದು, “ವಿಡುಂಗಕ್ಕಾ, ಪಳೆಯ ಕದೆ” ಎಂದು ತಡೆಯುತ್ತಾರೆ. ಬಿಡಿ, ಹಳೆಯ ಕತೆ ಯಾಕೆ ಎಂಬ ಅವರ ಮಾತಿನಲ್ಲಿ ಅಕ್ಕನನ್ನು ಉಳಿಸುವ ಆಸೆಯೂ ಇದೆ, ತಾವು ಅಂದು ಯೋಚಿಸದೆ ತೀರ್ಪು ಕೊಟ್ಟ ಅಳುಕೂ ಇದೆ. ಅಂಕಮ್ಮ ಬಿಡುವುದಿಲ್ಲ. ನೂಲಿನ ಲೆಕ್ಕ ಹೇಳುತ್ತಾರೆ, ಚಿಂದಿಯ ಚೀಲದ್ದು ಹೇಳುತ್ತಾರೆ, ಕುರಿ ಕಾಯುವವಳೆಂದು ಬೈದದ್ದನ್ನೂ ಹೇಳುತ್ತಾರೆ. ಆ ಕೊನೆಯ ಮಾತಿಗೆ ತಮಿಳು ಹುಡುಕುತ್ತ ಒಂದೊಂದೇ ಪದ ಜೋಡಿಸುತ್ತಾರೆ. ಕನ್ನಡದಲ್ಲಿ ಸಲೀಸಾಗಿ ಬಂದ ಬೈಗುಳ ಇನ್ನೊಂದು ಭಾಷೆಯಲ್ಲಿ ಆಡಿದಾಗಲೇ ಎಷ್ಟು ಕೆಟ್ಟದ್ದೆಂದು ಅವರ ಕಿವಿಗೇ ಕೇಳಿಸುತ್ತದೆ. ರೋಜಾಳ ಮಷೀನಿನಲ್ಲಿ ಕೂತ ಕಲೈವಾಣಿ ಲೋಟ ಕೆಳಗಿಟ್ಟು, ಏನೂ ತೋಚದೆ ಎದ್ದು ನಿಲ್ಲುತ್ತಾಳೆ.

ಮಾಲೀಕ ವಿಶ್ವನಾಥನ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಗದರುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಇನ್ನು ಮೇಲೆ ದಿನದ ಮೊದಲ ತುಂಡನ್ನು ಹೊಲಿಯುವವರು ಅಳೆದು ನೋಡಿದ ನಂತರವೇ ಉಳಿದ ಬಟ್ಟೆಗೆ ಬ್ಲೇಡು ಎಂದು ಹೇಳಿ, ರೋಜಾಳಿಗೆ ಫೋನು ಮಾಡುವಂತೆ ಇಳಂಗೋಗೆ ಸೂಚಿಸಿ ಒಳಗೆ ಹೋಗುತ್ತಾರೆ. ಇಳಂಗೋ ಎಲ್ಲರೆದುರೇ ಫೋನು ಮಾಡಿ, ತಪ್ಪಾಯಿತಮ್ಮ, ಬಾ ಎನ್ನುತ್ತಾರೆ. ಆ ಕಡೆಯಿಂದ ಬಂದ ಉತ್ತರ ಚಿಕ್ಕದು. ಯೋಚನೆ ಮಾಡುತ್ತೇನೆ.

ಅದಾಗಿ ಹತ್ತು ದಿನ. ರೋಜಾ ಇನ್ನೂ ಬಂದಿಲ್ಲ. ಆ ಇನ್ನೆರಡು ಶೆಡ್ಡುಗಳಿಗೆ ಸುದ್ದಿ ಹೋಗಿದೆ, ಒಂದು ಕಡೆಯಿಂದ ಅವಳನ್ನು ಕರೆದಿದ್ದಾರೆಂದೂ ಹೇಳುತ್ತಾರೆ. ಈಗ ಶೆಡ್ಡಿನಲ್ಲಿ ಅಂಕಮ್ಮನನ್ನು ಅಳತೆಯ ಕೈ ಎಂದು ಯಾರೂ ಹೊಗಳುವುದಿಲ್ಲ. ಊಟಕ್ಕೆ ಕೆಲವರು ಪಕ್ಕದಲ್ಲಿ ಕೂರುತ್ತಾರೆ, ಕೆಲವರು ಕೂರುವುದಿಲ್ಲ. ಬೆಳಿಗ್ಗೆ ಮೊದಲ ತುಂಡನ್ನು ಕಲೈವಾಣಿ ಅಳೆಯುತ್ತಾಳೆ. ಮಗಳ ವಯಸ್ಸಿನವಳ ಮುಂದೆ ಕೈಕಟ್ಟಿ ನಿಲ್ಲುವುದು ಸುಲಭವಲ್ಲ, ನಿಲ್ಲುತ್ತಾರೆ. ರಘುನಾಥರು ವಿಷಯ ತಿಳಿದ ದಿನ ಅಟ್ಟದ ಕಡೆ ನೋಡಿ, ಮಲಗಿಬಿಟ್ಟರಂತೆ.

ನಿಮ್ಮ ಆಸೆ ಏನು ಎಂದು ಕೇಳಿ ಮುಗಿಸುವುದು ಇಂಥ ಬರಹಗಳ ವಾಡಿಕೆ. ಪತ್ರಿಕೆಯವರು ಸಂಕೋಚದಿಂದಲೇ ಕೇಳುತ್ತಾರೆ. ಅಂಕಮ್ಮ ಈ ಸಲ ಬ್ಲೇಡನ್ನು ಪಟ್ಟಿಯ ಕೊನೆಯವರೆಗೂ ಉರುಳಿಸಿ, ಮುಚ್ಚಳ ಹಾಕಿ, ಆಮೇಲೆ ಬಾಯಿ ತೆರೆಯುತ್ತಾರೆ.

“ನನ್ ಫೋಟೋ ಆಕ್ಬ್ಯಾಡಿ. ರೋಜಾ ಒಂದಿನ ಬರ್ಲಿ, ವೇಲೆಗೆ ಬರ್ದಿದ್ರೂ ಪರ್ವಾಗಿಲ್ಲ, ಒಂದಿನ ಬರ್ಲಿ. ಎಲ್ಲಾರ ಮುಂದೆ ನನ್ ತುಂಡಿಗೆ ಸ್ಕೇಲು ಇಡ್ಲಿ. ಒಂದು ನೂಲು ಜಾಸ್ತಿ ಇದ್ರೂ ಜೋರಾಗಿ ಏಳ್ಲಿ, ತಮಿಳಲ್ಲೇ ಏಳ್ಲಿ.”